1959ರ ಮಾರಿಸ್ ಮೈನರ್: ಮೂಲರೂಪ ಕೆಡಿಸದೆ ಸುರಕ್ಷತೆ ಹೆಚ್ಚಿಸುವುದು ಹೇಗೆ?

ಪ್ರಶ್ನೆ | ಹಳೆಹಾದಿ

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ 1959ರ ಮಾರಿಸ್ ಮೈನರ್ 1000 ಕಾರು ಇದೆ. 948 ಸಿಸಿ ಎಂಜಿನ್ನಿನ, ನಾಲ್ಕು ಬಾಗಿಲಿನ ಈ ಕಾರು ಹೆಚ್ಚುಕಡಿಮೆ ಕಾರ್ಖಾನೆಯಿಂದ ಹೊರಬಂದ ರೂಪದಲ್ಲೇ ಉಳಿದುಕೊಂಡಿದೆ. ನಾಲ್ಕೂ ಚಕ್ರಗಳಿಗೆ ಏಳು ಇಂಚಿನ ಡ್ರಮ್ ಬ್ರೇಕು, ಒಂದೇ ಸರ್ಕ್ಯೂಟಿನ ಬ್ರೇಕ್ ಪೈಪು, ಬ್ಯಾಟರಿಗೆ ಚಾರ್ಜು ತುಂಬುವ ಡೈನಮೋ, ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಜೋಡಿಸುವ ಪಾಸಿಟಿವ್ ಅರ್ತ್, ತಿರುಗುವಾಗ ಬಾಗಿಲ ಕಂಬದಿಂದ ಹೊರಚಾಚುವ ಸೆಮಾಫೋರ್ ಕೈಗಳು, ಒಳಗಿನ ನೂಲಿನ ಪದರಗಳು ಓರೆಯಾಗಿ ಅಡ್ಡಹಾಯುವ ಹಳೆಯ ಬಗೆಯ ಕ್ರಾಸ್‌ಪ್ಲೈ ಟೈರುಗಳು, ಎಲ್ಲವೂ ಹಾಗೆಯೇ ಇವೆ. ಸೀಟ್ ಬೆಲ್ಟ್ ಮಾತ್ರ ಮೊದಲಿನಿಂದಲೂ ಇರಲಿಲ್ಲ.

ಈ ಕಾರನ್ನು ಹೊದಿಕೆ ಹಾಕಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ರಜೆಯ ದಿನಗಳಲ್ಲಿ ಮನೆಯವರೊಂದಿಗೆ ಓಡಿಸಬೇಕು, ಆಗೊಮ್ಮೆ ಈಗೊಮ್ಮೆ ಹೆದ್ದಾರಿಗೂ ಇಳಿಸಬೇಕು ಎಂಬ ಆಸೆ ನನ್ನದು. ಆದರೆ ಸುತ್ತಲಿನ ಇಂದಿನ ಕಾರುಗಳು ನನಗಿಂತ ಬಹಳ ಕಡಿಮೆ ದೂರದಲ್ಲಿ ನಿಲ್ಲುತ್ತವೆ, ನನ್ನ ಹಿಂದಿನ ದೀಪಗಳು ಹಗಲಿನಲ್ಲಿ ಕಾಣುವುದೇ ಕಷ್ಟ, ಸೆಮಾಫೋರ್ ಎಂದರೇನೆಂದು ಹಿಂದೆ ಬರುವವರಿಗೆ ತಿಳಿದಿರುವುದಿಲ್ಲ. ಕೆಲವರು ಡಿಸ್ಕ್ ಬ್ರೇಕ್, ಡೈನಮೋಗಿಂತ ಹೆಚ್ಚು ಕರೆಂಟು ಕೊಡುವ ಆಲ್ಟರ್ನೇಟರ್, ಹೊಸ ಆಸನ ಎಲ್ಲವನ್ನೂ ಒಟ್ಟಿಗೆ ಹಾಕಿಸಿಬಿಡಿ ಎನ್ನುತ್ತಾರೆ. ಇನ್ನು ಕೆಲವರು ಒಂದು ತಿರುಪನ್ನೂ ಬದಲಿಸಬೇಡಿ, ಬದಲಿಸಿದರೆ ಅದು 1959ರ ಕಾರಾಗಿ ಉಳಿಯುವುದಿಲ್ಲ ಎನ್ನುತ್ತಾರೆ. ಎರಡೂ ಕಡೆಯವರ ಮಾತಿನಲ್ಲಿ ಕಾರಿನ ಮೇಲಿನ ಪ್ರೀತಿ ಇದೆ, ಆದ್ದರಿಂದಲೇ ನನಗೆ ನಿರ್ಧರಿಸುವುದು ಕಷ್ಟವಾಗಿದೆ. ಯಾವ ಕೆಲಸ ಮೊದಲು, ಯಾವುದು ನಂತರ, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ | ಗ್ರೀಸ್‌ಗನ್

ನಮಸ್ಕಾರ. ನೀವು ಹೇಳಿದ ಎರಡು ಅಭಿಪ್ರಾಯಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ, ಅದು ಮುಗಿಯುವವರೆಗೆ ಯಾವ ಹೊಸ ಸಾಮಾನನ್ನೂ ಕೊಳ್ಳಬೇಡಿ. ಈ ಕಾರು ಹೊಸದಾಗಿದ್ದಾಗ ಎಷ್ಟು ನೇರವಾಗಿ ಓಡುತ್ತಿತ್ತೋ, ಎಷ್ಟು ಚೆನ್ನಾಗಿ ನಿಲ್ಲುತ್ತಿತ್ತೋ ಅಷ್ಟನ್ನು ಮೊದಲು ಮರಳಿ ಪಡೆಯಬೇಕು. ಹಳೆಯ ಕಾರಿನ ಬ್ರೇಕು ಕೆಟ್ಟದೆಂದು ದೂರುವವರಲ್ಲಿ ಹೆಚ್ಚಿನವರು ಸರಿಯಾಗಿ ಹೊಂದಿಸಿದ ಡ್ರಮ್ ಬ್ರೇಕಿನ ಮೇಲೆ ಕಾಲಿಟ್ಟೇ ಇರುವುದಿಲ್ಲ ಎಂಬುದು ನಾನು ಮತ್ತೆ ಮತ್ತೆ ಕಂಡ ಸಂಗತಿ.

ಮೈನರ್‌ನಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಮುಂದಿನ ಚಕ್ರಗಳ ಟ್ರನಿಯನ್‌ಗಳನ್ನು. ಚಕ್ರ ತಿರುಗುವ ಕಿಂಗ್‌ಪಿನ್ನಿನ ತುದಿಗಳು ತಿರುಪಿನ ಹಲ್ಲುಗಳ ಮೂಲಕ ಈ ಟ್ರನಿಯನ್‌ಗಳೊಳಗೆ ಕೂತಿರುತ್ತವೆ. ಗ್ರೀಸ್ ಒಣಗಿದರೆ ಹಲ್ಲುಗಳು ಸವೆಯುತ್ತವೆ, ಸವೆತ ಮಿತಿಮೀರಿದ ದಿನ ಕೆಳಗಿನ ಟ್ರನಿಯನ್ ಕಳಚಿ ಚಕ್ರ ಒಳಗೆ ಮಡಚಿಕೊಳ್ಳುತ್ತದೆ, ಕಾರಿನ ಮೂಲೆ ರಸ್ತೆಗೆ ಕುಸಿಯುತ್ತದೆ. ಹೆಚ್ಚಾಗಿ ಇದು ನಿಧಾನವಾಗಿ ಸ್ಟಿಯರಿಂಗ್ ತಿರುಗಿಸುವಾಗ ಆಗುತ್ತದೆ ಎಂಬುದು ನಿಜವಾದರೂ, ವೇಗದಲ್ಲಿರುವಾಗ ಆಗುವುದೇ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು. ಸುಮಾರು 1,600 ಕಿಲೋಮೀಟರಿಗೊಮ್ಮೆ, ಜಾಕ್ ಹಾಕಿ ಚಕ್ರದ ಮೇಲಿನ ಭಾರ ಇಳಿಸಿ, ಹಳೆಯ ಗ್ರೀಸ್ ಹೊರಬರುವವರೆಗೆ ನಿಪ್ಪಲ್‌ಗಳಿಗೆ ಹೊಸ ಗ್ರೀಸ್ ತುಂಬಬೇಕು. ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲ್ಲಾಡಿಸಿದಾಗ ಸಡಿಲ ಕಂಡರೆ ಟ್ರನಿಯನ್ ಮತ್ತು ಪಿನ್ ಎರಡನ್ನೂ ಬದಲಿಸಿ. ಕಾರಿನ ಮೂಲರೂಪಕ್ಕೆ ಇದರಿಂದ ಒಂದು ಕೂದಲಷ್ಟೂ ಧಕ್ಕೆಯಿಲ್ಲ, ಆದರೂ ಡಿಸ್ಕ್ ಬ್ರೇಕಿಗೆ ಹಣ ಕೂಡಿಡುವವರು ಇದನ್ನು ಮರೆಯುತ್ತಾರೆ.

ಅದೇ ಹೊತ್ತಿನಲ್ಲಿ ಕಾರಿನ ಕೆಳಗೆ ಮಲಗಿ ತುಕ್ಕು ಪರೀಕ್ಷಿಸಿ. ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಮುಂದಿನ ಟಾರ್ಷನ್ ಬಾರ್ ಎಂಬ ಸರಳುಗಳ ಹಿಂತುದಿಯನ್ನು ಹಿಡಿದಿರುವ ನಡುವಿನ ಅಡ್ಡತೊಲೆ ಮತ್ತು ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿರುವ ಜಾಗಗಳು ಗಟ್ಟಿಯಿಲ್ಲದಿದ್ದರೆ ಉಳಿದ ಯಾವ ಚರ್ಚೆಗೂ ಅರ್ಥವಿಲ್ಲ. ಮೇಲೆ ಹೊಳೆಯುವ ಬಣ್ಣವಿದ್ದು ಕೆಳಗೆ ತೂತಿನ ಮೇಲೆ ತಗಡು ಅಂಟಿಸಿದ ಕಾರುಗಳು ಬೇಕಾದಷ್ಟಿವೆ.

ಇನ್ನು ಬ್ರೇಕಿನ ವಿಷಯ. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಪೈಪುಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಮೈನರ್‌ನಲ್ಲಿ ಚಾಲಕನ ಕಾಲಡಿಯ ನೆಲದ ಕೆಳಗೆ, ಚಾಸಿಯ ತೊಲೆಯೊಳಗೆ ಅಡಗಿ ಕೂತಿದೆ. ಬ್ರೇಕ್ ಆಯಿಲ್ ನೋಡಬೇಕೆಂದರೆ ಕಾರ್ಪೆಟ್ ಎತ್ತಿ ನೆಲದ ಮುಚ್ಚಳ ತೆಗೆಯಬೇಕಾದ್ದರಿಂದ ವರ್ಷಗಟ್ಟಲೆ ಯಾರೂ ಅತ್ತ ನೋಡುವುದಿಲ್ಲ. ಸಾಮಾನ್ಯವಾಗಿ ಬಳಸುವ ಡಾಟ್ 4 ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಅದರ ಕುದಿಯುವ ಬಿಂದು, ತೇವ ಸೇರಿದ ಮೇಲೆ 155 ಡಿಗ್ರಿಯವರೆಗೂ ಇಳಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ. ಮುಂದಿನ ಎರಡು ಮತ್ತು ಹಿಂದಿನ ಒಂದು, ಹೀಗೆ ಮೂರೂ ರಬ್ಬರ್ ಹೋಸ್‌ಗಳನ್ನು ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಿಬಿಡಿ, ಏಕೆಂದರೆ ಅವು ಒಳಗಿನಿಂದ ಊದಿಕೊಂಡಾಗ ಒತ್ತಡವನ್ನು ಚಕ್ರಕ್ಕೆ ಹೋಗಲು ಬಿಟ್ಟು ಹಿಂದಿರುಗಲು ಬಿಡುವುದಿಲ್ಲ, ಆ ಚಕ್ರ ಹಿಡಿದುಕೊಂಡೇ ಇರುತ್ತದೆ. ನಿಮ್ಮದು ಒಂದೇ ಸರ್ಕ್ಯೂಟ್ ಆದ್ದರಿಂದ ಎಲ್ಲಿ ಒಡೆದರೂ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ, ಆಗ ಉಳಿಯುವುದು ಹಿಂದಿನ ಚಕ್ರಗಳ ಹ್ಯಾಂಡ್‌ಬ್ರೇಕ್ ಮಾತ್ರ. ಉಕ್ಕಿನ ಪೈಪುಗಳ ಬದಲಿಗೆ ತಾಮ್ರ-ನಿಕಲ್ ಮಿಶ್ರಲೋಹದ ಪೈಪು ಹಾಕಿಸಿದರೆ ತುಕ್ಕಿನ ಭಯ ತಪ್ಪುತ್ತದೆ, ಹಳೆಯ ದಾರಿಯಲ್ಲೇ ಹಾಯಿಸಿದರೆ ನೋಟವೂ ಬದಲಾಗುವುದಿಲ್ಲ. ಇಷ್ಟಾದ ಮೇಲೆ, ಡ್ರಮ್ಮನ್ನು ಒಳಗಿನಿಂದ ಒತ್ತಿ ಚಕ್ರವನ್ನು ತಡೆಯುವ ಶೂಗಳನ್ನು ಡ್ರಮ್ಮಿಗೆ ಹತ್ತಿರ ಹೊಂದಿಸಿ. ಮುಂದಿನ ಚಕ್ರಗಳಲ್ಲಿ ಒಂದೊಂದು ಶೂಗೂ ಬೇರೆ ಹೊಂದಾಣಿಕೆ ತಿರುಪು ಇದೆ. ಒಂದನ್ನು ಬಿಟ್ಟರೂ ಕಾರು ಒಂದು ಕಡೆಗೆ ಎಳೆಯುತ್ತದೆ.

ಇದೆಲ್ಲ ಆದಮೇಲೂ ಸಾಲದೆನಿಸಿದರೆ, 1962ರಲ್ಲಿ 1098 ಸಿಸಿ ಎಂಜಿನ್ನಿನೊಂದಿಗೆ ಇದೇ ಕಾರಿಗೆ ಕಾರ್ಖಾನೆಯೇ ಕೊಟ್ಟ ಎಂಟು ಇಂಚಿನ ಮುಂದಿನ ಡ್ರಮ್‌ಗಳಿವೆ. ಅವು ನಿಮ್ಮ ಕಾರಿಗೆ ಕತ್ತರಿಸದೆ, ಬೆಸೆಯದೆ ಕೂರುತ್ತವೆ. ವೋಲ್ಸ್‌ಲಿ 1500 ಮತ್ತು ರೈಲಿ 1.5 ಕಾರುಗಳ ಇನ್ನೂ ದೊಡ್ಡ ಡ್ರಮ್‌ಗಳನ್ನೂ ಆ ಕಾಲದಲ್ಲೇ ಜನ ಮೈನರ್‌ಗೆ ಹಾಕಿಸುತ್ತಿದ್ದರು. ಅದೇ ಕುಟುಂಬದ, ಅದೇ ಕಾಲದ ಭಾಗ ದೊರೆಯುವಾಗ ಬೇರೆಡೆಗೆ ಏಕೆ ಹೋಗಬೇಕು ಎಂಬುದು ನನ್ನ ನಿಲುವು.

ಉತ್ತರ | ಇಳಿಜಾರು

ಗ್ರೀಸ್‌ಗನ್ ಅವರು ಹೇಳಿದ ಕ್ರಮವನ್ನು ನಾನು ಪೂರ್ತಿ ಒಪ್ಪುತ್ತೇನೆ, ಕೊನೆಯ ಮಾತನ್ನು ಮಾತ್ರ ಒಪ್ಪಲಾರೆ. ಘಟ್ಟದಂಥ ರಸ್ತೆಗಳಲ್ಲಿ ತುಂಬಿದ ಕಾರನ್ನು ಇಳಿಸುವವರಿಗೆ ಡ್ರಮ್ಮಿನ ಒಂದು ಕೊರತೆ ಎಷ್ಟು ಹೊಂದಿಸಿದರೂ ನೀಗುವುದಿಲ್ಲ. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಮುಚ್ಚಿದ ಜಾಗವಾದ್ದರಿಂದ ಬಿಸಿ ಬೇಗ ಹೊರಹೋಗುವುದೂ ಇಲ್ಲ. ಡಿಸ್ಕಾದರೋ ಗಾಳಿಗೆ ತೆರೆದಿರುತ್ತದೆ, ಹಿಗ್ಗಿದಾಗ ಅದನ್ನು ಎರಡೂ ಬದಿಯಿಂದ ಹಿಡಿಯುವ ಪ್ಯಾಡುಗಳ ಕಡೆಗೇ ದಪ್ಪವಾಗುತ್ತದೆ. 1953ರ ಲೆ ಮಾನ್ಸ್ ಓಟವನ್ನು ಜಾಗ್ವಾರ್ ಡಿಸ್ಕ್ ಬ್ರೇಕಿನ ಕಾರಿನಲ್ಲಿ ಗೆದ್ದಿತು, 1955ರ ಸಿತ್ರೋಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಇತ್ತು. ನಿಮ್ಮ ಕಾರು ಹುಟ್ಟುವ ಮೊದಲೇ ರಸ್ತೆಗೆ ಬಂದಿದ್ದ ತಂತ್ರವನ್ನು ಅದಕ್ಕೆ ಅಪಚಾರ ಎಂದು ಹೇಗೆ ಕರೆಯುವುದು?

ಆದರೆ ಹಾಕಿಸುವುದಾದರೆ ತಿಳಿದು ಹಾಕಿಸಿ. ಮುಂದಿನ ಚಕ್ರವನ್ನು ಹೊರುವ ಮೂಲ ಸ್ಟಬ್ ಆಕ್ಸೆಲ್ಲಿಗೆ ಬೋಲ್ಟಿನಿಂದ ಕೂರುವ ಕಿಟ್ ಮಾತ್ರ ಆರಿಸಿ, ಏನನ್ನಾದರೂ ಕತ್ತರಿಸಬೇಕು ಅಥವಾ ಉಜ್ಜಬೇಕು ಎನ್ನುವ ಕಿಟ್ಟನ್ನು ಬಿಡಿ. ಡ್ರಮ್ ಬ್ರೇಕಿನ ಹಳೆಯ ವ್ಯವಸ್ಥೆಯಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡ ಸದಾ ಉಳಿಯುವಂತೆ ಮಾಡುವ ಒಂದು ಕವಾಟ ಇರುತ್ತದೆ. ಡಿಸ್ಕಿಗೆ ಅಷ್ಟು ಒತ್ತಡ ಉಳಿದರೆ ಪ್ಯಾಡುಗಳು ಉಜ್ಜುತ್ತಲೇ ಇರುತ್ತವೆ, ಕಾದು ಹೋಗುತ್ತವೆ. ಮುಂದಿನ ಬ್ರೇಕು ಹಿಂದಿನದಕ್ಕಿಂತ ಬಹಳ ಬಲವಾದರೂ, ಹಿಂದಿನದೇ ಮೊದಲು ಹಿಡಿದರೂ ಕಾರು ಮಳೆಯಲ್ಲಿ ಹತೋಟಿ ತಪ್ಪುತ್ತದೆ, ಆದ್ದರಿಂದ ಹಾಕಿಸಿದ ಮೇಲೆ ಖಾಲಿ ಜಾಗದಲ್ಲಿ, ಒದ್ದೆ ನೆಲದಲ್ಲಿ ಪರೀಕ್ಷಿಸಲೇಬೇಕು. ಸರ್ವೋ ಎಂಬ ನೆರವಿನ ಸಾಧನ ಕಾಲಿನ ಶ್ರಮವನ್ನು ಕಡಿಮೆ ಮಾಡುತ್ತದೆ ಅಷ್ಟೆ, ಕೆಟ್ಟ ಬ್ರೇಕನ್ನು ಒಳ್ಳೆಯದಾಗಿಸುವುದಿಲ್ಲ.

ಡಿಸ್ಕ್ ಹಾಕಿದರೂ ಒಂದೇ ಸರ್ಕ್ಯೂಟಿನ ಅಪಾಯ ಹಾಗೆಯೇ ಉಳಿಯುತ್ತದೆ ಎಂಬುದನ್ನೂ ನೆನಪಿಡಿ. ಅಮೆರಿಕದಲ್ಲಿ ಹೊಸ ಕಾರುಗಳಿಗೆ ಎರಡು ಸರ್ಕ್ಯೂಟಿನ ಬ್ರೇಕು ಕಡ್ಡಾಯವಾದದ್ದು 1968ರಲ್ಲಿ. ಅದಕ್ಕೂ ಹಿಂದಿನ ಮೈನರ್‌ಗೆ ಅದನ್ನು ತರಬೇಕೆಂದರೆ ಮಾಸ್ಟರ್ ಸಿಲಿಂಡರನ್ನು ಜಾಗ ಬದಲಿಸಿ ಎಂಜಿನ್ನಿಗೂ ಆಸನಗಳಿಗೂ ನಡುವಿನ ಗೋಡೆಯ ತಗಡನ್ನು ಸಾಮಾನ್ಯವಾಗಿ ಕೊರೆಯಬೇಕಾಗುತ್ತದೆ. ನಾನು ಆ ಗೆರೆ ದಾಟಲಿಲ್ಲ. ಅದರ ಬದಲಿಗೆ ಪೈಪು, ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಮೂರನ್ನೂ ಹೊಸದರಂತೆ ಇಟ್ಟುಕೊಂಡಿದ್ದೇನೆ.

ಉತ್ತರ | ಡೈನಮೋ

ಬ್ರೇಕಿನ ಬಗ್ಗೆ ಬಲ್ಲವರು ಬರೆದಿದ್ದಾರೆ, ನಾನು ದೀಪ ಮತ್ತು ವೈರಿಂಗ್ ಬಗ್ಗೆ ಬರೆಯುತ್ತೇನೆ. ಹಿಂದಿನವರಿಗೆ ನೀವು ಕಾಣಿಸದಿದ್ದರೆ ನಿಮ್ಮ ಬ್ರೇಕು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಮೊದಲು ಹೆಡ್‌ಲೈಟು. ಮೂಲ ವೈರಿಂಗಿನಲ್ಲಿ ದೀಪದ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚು ಮತ್ತು ಕಾಲಿನ ಡಿಪ್ ಸ್ವಿಚ್ಚಿನ ಮೂಲಕ ಸುತ್ತಿ ಬರುತ್ತದೆ. ಸವೆದ ಸ್ವಿಚ್ಚುಗಳಲ್ಲಿ, ಹಸಿರುಗಟ್ಟಿದ ಕೀಲುಗಳಲ್ಲಿ ವೋಲ್ಟೇಜು ಸೋರಿಹೋಗುತ್ತದೆ. ತಂತಿ ಬಲ್ಬಿಗೆ ವೋಲ್ಟೇಜು ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಕುಗ್ಗುತ್ತದೆ. ಹಾಗಾಗಿ ಬಲ್ಬ್ ಬದಲಿಸುವ ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಎರಡು ರಿಲೇ ಮತ್ತು ಪ್ರತ್ಯೇಕ ಫ್ಯೂಸ್ ಹಾಕಿ, ಬ್ಯಾಟರಿಯಿಂದ ನೇರ ದಪ್ಪ ವೈರಿನಲ್ಲಿ ದೀಪಕ್ಕೆ ಕರೆಂಟು ಕೊಡಿ. ಹಳೆಯ ಸ್ವಿಚ್ಚುಗಳು ರಿಲೇಯನ್ನು ಎಬ್ಬಿಸುವ ಕೆಲಸವನ್ನಷ್ಟೇ ಮಾಡುವುದರಿಂದ ಅವುಗಳ ಆಯುಷ್ಯವೂ ಹೆಚ್ಚುತ್ತದೆ, ಬೇಡವೆನಿಸಿದ ದಿನ ಎಲ್ಲವನ್ನೂ ಕಳಚಿ ಮೊದಲಿನಂತೆ ಜೋಡಿಸಬಹುದು. ಇಡೀ ಕಾರಿಗೆ ಎರಡೇ ಫ್ಯೂಸ್ ಇರುವ ಈ ವೈರಿಂಗಿನಲ್ಲಿ ಹೆಡ್‌ಲೈಟಿಗೆ ರಕ್ಷಣೆಯೇ ಇಲ್ಲ ಎಂಬುದೂ ಹೊಸ ಫ್ಯೂಸಿಗೆ ಒಂದು ಕಾರಣ.

ಏಳು ಇಂಚಿನ ದುಂಡು ದೀಪದ ಜಾಗದಲ್ಲಿ ಎಚ್4 ಎಂಬ ಹ್ಯಾಲೊಜೆನ್ ಬಲ್ಬಿನ ರಿಫ್ಲೆಕ್ಟರ್ ಕೂರುತ್ತದೆ, ಹೊರಗಿನಿಂದ ವ್ಯತ್ಯಾಸ ಗುರುತಿಸುವುದು ಕಷ್ಟ. ಆದರೆ ತಂತಿ ಬಲ್ಬಿಗಾಗಿ ಮಾಡಿದ ರಿಫ್ಲೆಕ್ಟರಿನೊಳಗೆ ಎಲ್‌ಇಡಿ ಬಲ್ಬ್ ತುರುಕಬೇಡಿ. ಬೆಳಕು ಹೊರಡುವ ಬಿಂದು ಒಂದಿಷ್ಟು ಆಚೀಚೆಯಾದರೂ ಎದುರಿನವರ ಕಣ್ಣು ಕುಕ್ಕುತ್ತದೆ, ನಿಮ್ಮ ರಸ್ತೆಗೆ ಬೀಳಬೇಕಾದ ಬೆಳಕು ಬೀಳುವುದಿಲ್ಲ. ಎರಡು ಎಚ್4 ಬಲ್ಬುಗಳ ಹೈ ಬೀಮ್ ಒಟ್ಟು 120 ವ್ಯಾಟ್, ಅಂದರೆ ಸುಮಾರು ಹತ್ತು ಆಂಪಿಯರ್ ಎಳೆಯುತ್ತದೆ. ನಿಮ್ಮ ಡೈನಮೋ ಪೂರ್ತಿ ವೇಗದಲ್ಲೂ ಕೊಡುವುದು ಇಪ್ಪತ್ತು ಆಂಪಿಯರ್ ಆಸುಪಾಸು, ಎಂಜಿನ್ ನಿಧಾನವಾಗಿ ಓಡುವಾಗ ಕೊಡುವುದು ಬಹುತೇಕ ಏನೂ ಇಲ್ಲ. ರಾತ್ರಿ, ಮಳೆ, ವೈಪರ್, ನಿಂತು ನಿಂತು ಸಾಗುವ ವಾಹನಗಳ ಸಾಲು ಎಲ್ಲವೂ ಒಟ್ಟಾದರೆ ಬ್ಯಾಟರಿ ಇಳಿಯುತ್ತದೆ. ಹಗಲು ಮಾತ್ರ ಓಡಿಸುವುದಾದರೆ ಡೈನಮೋ ಸಾಕು. ರಾತ್ರಿಯೂ ಓಡಿಸುವುದಾದರೆ ಡೈನಮೋದ ಹೊರಕವಚದಂತೆಯೇ ಕಾಣುವ ಆಲ್ಟರ್ನೇಟರ್‌ಗಳು ಸಿಗುತ್ತವೆ, ನನ್ನ ಆಯ್ಕೆ ಅದೇ.

ಹಿಂದಿನ ದೀಪಗಳಿಗೆ ಮೊದಲ ಔಷಧಿ ಬಣ್ಣ ಮತ್ತು ಉಪ್ಪುಕಾಗದ. ದೀಪದ ಗೂಡಿನ ಒಳಗಿನ ತುಕ್ಕನ್ನು ಉಜ್ಜಿ ಬಿಳಿ ಅಥವಾ ಬೆಳ್ಳಿ ಬಣ್ಣ ಬಳಿದು, ಅರ್ತ್ ಜೋಡಣೆ ಶುಚಿಗೊಳಿಸಿ ನೋಡಿ, ಅದೇ ಬಲ್ಬಿನ ಬೆಳಕು ಎಷ್ಟು ಬದಲಾಗುತ್ತದೆಂದು ನಿಮಗೇ ಆಶ್ಚರ್ಯವಾಗುತ್ತದೆ. ಸ್ಟಾಪ್ ಲೈಟಿನ ಸ್ವಿಚ್ಚು ಬ್ರೇಕ್ ಆಯಿಲಿನ ಒತ್ತಡದಿಂದ ಕೆಲಸ ಮಾಡುವಂಥದ್ದು. ಹಳೆಯದಾದಾಗ ಪೆಡಲನ್ನು ಜೋರಾಗಿ ತುಳಿಯುವವರೆಗೆ ದೀಪ ಹತ್ತುವುದೇ ಇಲ್ಲ. ಸ್ಟಾಪ್ ಲೈಟಿಗೆ ಎಲ್‌ಇಡಿ ಹಾಕುವುದಾದರೆ ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ, ಅದರಲ್ಲೂ ಪಾಸಿಟಿವ್ ಅರ್ತಿಗೆ ಒಪ್ಪುವುದನ್ನೇ ಕೇಳಿ ಪಡೆಯಿರಿ. ಹಿಂದಿನ ಗಾಜಿನ ಒಳಗೆ ಎತ್ತರದಲ್ಲಿ ಒಂದು ಹೆಚ್ಚುವರಿ ಸ್ಟಾಪ್ ಲೈಟನ್ನು ಕೊರೆಯದೆ ನಿಲ್ಲಿಸಬಹುದು, ಕಾರನ್ನು ಪ್ರದರ್ಶನಕ್ಕೆ ಒಯ್ಯುವ ದಿನ ತೆಗೆದಿಡಬಹುದು.

ಸೆಮಾಫೋರ್ ಕೈಗಳನ್ನು ದಯವಿಟ್ಟು ತೆಗೆಯಬೇಡಿ. ಅವು ಮೂರು ವ್ಯಾಟಿನ ಬಲ್ಬಿನಲ್ಲಿ ತಮ್ಮ ಪಾಡಿಗೆ ಮೇಲೇಳಲಿ, ಅದರ ಜೊತೆಗೆ ಬಂಪರಿನ ಬ್ರಾಕೆಟ್ಟಿಗೆ ಕಟ್ಟಿದ ಚಿಕ್ಕ ಹಳದಿ ಇಂಡಿಕೇಟರುಗಳೂ ಮಿನುಗಲಿ.

ಉತ್ತರ | ಕಡತ

ಎಷ್ಟು ಬದಲಿಸಬಹುದು ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಈಗಾಗಲೇ ಬರವಣಿಗೆಯಲ್ಲಿರುವ ಒಂದು ಉತ್ತರವಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದು ಬದಲಾವಣೆಯನ್ನು ಪೂರ್ತಿ ನಿಷೇಧಿಸುವುದಿಲ್ಲ. ಅಗತ್ಯವಾದ ಬದಲಾವಣೆ ವಾಹನದ ಮೂಲ ರಚನೆಯನ್ನೂ ನೋಟವನ್ನೂ ಗೌರವಿಸಬೇಕು, ಸಾಧ್ಯವಾದಷ್ಟೂ ಹಿಂದಕ್ಕೆ ತರುವಂತಿರಬೇಕು, ತೆಗೆದ ಮುಖ್ಯ ಭಾಗಗಳನ್ನು ವಾಹನದ ಜೊತೆಯಲ್ಲೇ ಉಳಿಸಿಕೊಳ್ಳಬೇಕು ಎಂಬುದು ಅದರ ಆಶಯ. ಒಂದು ತಿರುಪನ್ನೂ ಮುಟ್ಟಬೇಡಿ ಎನ್ನುವವರು ಇದನ್ನು ಗಮನಿಸಬೇಕು. ಎಲ್ಲವನ್ನೂ ಬದಲಿಸಿ ಎನ್ನುವವರು ಇನ್ನೂ ಹೆಚ್ಚು ಗಮನಿಸಬೇಕು.

ನಾನು ಇದನ್ನು ಹೀಗೆ ಪಾಲಿಸುತ್ತೇನೆ: ಬೋಲ್ಟಿನಿಂದ ಕೂರಿಸಿ ಬೋಲ್ಟಿನಿಂದ ತೆಗೆಯಬಹುದಾದದ್ದಕ್ಕೆ ಹೆಚ್ಚು ಯೋಚಿಸುವುದಿಲ್ಲ, ಲೋಹವನ್ನು ಕೊರೆಯಬೇಕಾದಾಗ ಜೀವ ಉಳಿಸುವಷ್ಟು ದೊಡ್ಡ ಕಾರಣ ಕೇಳುತ್ತೇನೆ. ತೆಗೆದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ, ಬದಲಿಸುವ ಮೊದಲು ಮತ್ತು ನಂತರದ ಛಾಯಾಚಿತ್ರಗಳೊಡನೆ ಒಂದು ಪುಸ್ತಕದಲ್ಲಿ ದಿನಾಂಕ ಬರೆದಿಡಿ. ಮುಂದೆ ಈ ಕಾರು ಯಾರ ಕೈಗೆ ಹೋದರೂ ಅದರಲ್ಲಿ 1959ರದು ಯಾವುದು, ನಿಮ್ಮದು ಯಾವುದು ಎಂದು ಅವರು ಬೇರ್ಪಡಿಸಬಲ್ಲರು. ಕೆಲಸ ಮಾಡಿಸುವ ಮೊದಲು ನಿಮ್ಮಲ್ಲಿಯ ನೋಂದಣಿ ನಿಯಮವನ್ನು ನೋಡಿಕೊಳ್ಳಿ, ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸಿ.

ಕಣ್ಣಿಗೆ ಕಾಣದ ಎರಡು ಕೆಲಸಗಳನ್ನು ಯಾರೂ ಹೇಳಿಲ್ಲ. ಮುಂದಿನ ಗಾಜು ಬದಲಿಸುವ ಸಂದರ್ಭ ಬಂದರೆ ಎರಡು ಪದರಗಳ ಲ್ಯಾಮಿನೇಟೆಡ್ ಗಾಜನ್ನೇ ಹಾಕಿಸಿ. ಕಲ್ಲು ಬಡಿದರೆ ಹಳೆಯ ಬಗೆಯ ಗಾಜು ಪೂರ್ತಿ ಪುಡಿಯಾಗಿ ರಸ್ತೆಯೇ ಕಾಣದಂತಾಗುತ್ತದೆ. ಎರಡನೆಯದು, ಮೈನರ್‌ನ ವಿದ್ಯುತ್ ಪೆಟ್ರೋಲ್ ಪಂಪು. ಅಪಘಾತದಲ್ಲಿ ಪೈಪು ಹರಿದರೂ ಇಗ್ನಿಷನ್ ಚಾಲೂ ಇರುವವರೆಗೆ ಅದು ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ಹೊಡೆತ ಬಿದ್ದಾಗ ತಾನೇ ಕಡಿದುಕೊಳ್ಳುವ ಇನರ್ಷಿಯಾ ಸ್ವಿಚ್ಚನ್ನು ಅದರ ವೈರಿನಲ್ಲಿ ಸೇರಿಸಿ, ಪೆಟ್ರೋಲ್ ಹೋಸ್‌ಗಳನ್ನು ಎಥನಾಲ್ ತಡೆಯುವ ಬಗೆಗೆ ಬದಲಿಸಿ.

ಮರುಪ್ರಶ್ನೆ | ಹಳೆಹಾದಿ

ಎಲ್ಲರಿಗೂ ಕೃತಜ್ಞತೆಗಳು. ಟ್ರನಿಯನ್, ಹೋಸ್, ಪೈಪು, ವೈರಿಂಗ್ ಈ ಕ್ರಮದಲ್ಲಿ ಶುರು ಮಾಡುತ್ತೇನೆ. ಬ್ರೇಕಿಗೆ ಸದ್ಯ ಎಂಟು ಇಂಚಿನ ಡ್ರಮ್ ಎಂದು ನಿರ್ಧರಿಸಿದ್ದೇನೆ, ನಾನು ಘಟ್ಟ ಇಳಿಯುವುದು ಅಪರೂಪ. ಎರಡು ಸಂದೇಹ ಉಳಿದಿವೆ. ಟೈರು ಯಾವುದಿರಬೇಕು? ಸೀಟ್ ಬೆಲ್ಟಿಗೆ ಕೊರೆಯಲೇಬೇಕಲ್ಲವೇ, ಅದು ‘ದೊಡ್ಡ ಕಾರಣ’ದಲ್ಲಿ ಬರುತ್ತದೆಯೇ? ಹಿಂದಿನ ಆಸನದಲ್ಲಿ ಆರು ವರ್ಷದ ಮಗಳು ಕೂರುತ್ತಾಳೆ.

ಉತ್ತರ | ಗ್ರೀಸ್‌ಗನ್

ಟೈರಿನ ಮಾತು ಚಿಕ್ಕದು. ನಾಲ್ಕಕ್ಕೂ ಇಂದಿನ ಕಾರುಗಳಲ್ಲಿರುವ ಬಗೆಯ ರೇಡಿಯಲ್ ಹಾಕಿ, 145 ಅಳತೆಯ 14 ಇಂಚಿನದು ನಿಮ್ಮ ರಿಮ್ಮಿಗೆ ಸರಿಹೊಂದುತ್ತದೆ. ಒಳಗೆ ಟ್ಯೂಬ್ ಇರಲಿ, ಆ ಕಾಲದ ರಿಮ್ಮನ್ನು ಟ್ಯೂಬ್‌ಲೆಸ್ ಟೈರಿಗಾಗಿ ಮಾಡಿದ್ದಲ್ಲ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಎಂಬ ಬೆರಕೆ ಮಾತ್ರ ಬೇಡವೇ ಬೇಡ, ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರಿನಲ್ಲಿ ಗೀರು ಎಷ್ಟೇ ಉಳಿದಿದ್ದರೂ ನಾನು ಓಡಿಸುವುದಿಲ್ಲ.

ಉತ್ತರ | ಕಡತ

ಬೆಲ್ಟಿಗೆ ಕೊರೆಯಿರಿ ಎಂದು ನಾನೇ ಹೇಳುತ್ತೇನೆ. ಮೂರು ಬಿಂದುಗಳ ಬೆಲ್ಟನ್ನು ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿ, ಕಂಪನಿ ಅದನ್ನು ಕಾರುಗಳಲ್ಲಿ ಕೊಡಲು ಆರಂಭಿಸಿದ್ದು 1959ರಲ್ಲಿ, ನಿಮ್ಮ ಕಾರಿನ ವರ್ಷದಲ್ಲೇ. ಉಳಿದ ತಯಾರಕರೂ ಬಳಸಿಕೊಳ್ಳಲೆಂದು ವೋಲ್ವೋ ಆ ಪೇಟೆಂಟನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು. ಮೈನರ್‌ನ ನಂತರದ ಕಾರುಗಳಲ್ಲಿ ಬೆಲ್ಟ್ ಬಿಗಿಯುವ ಜಾಗವನ್ನು ಕಾರ್ಖಾನೆಯೇ ಕೊಟ್ಟಿತ್ತು. ಅಂಥ ಒಂದು ಕಾರನ್ನು ನೋಡಿ, ಅದೇ ಜಾಗಗಳನ್ನು ನಿಮ್ಮ ಕಾರಿನಲ್ಲಿ ಗುರುತಿಸಿ. ಈ ಕಾರಿನ ಸ್ಟಿಯರಿಂಗ್ ದಂಡ ಅಪಘಾತದಲ್ಲಿ ಕುಸಿಯುವಂಥದ್ದಲ್ಲ, ಮುಂಭಾಗವೂ ಇಂದಿನ ಕಾರುಗಳಂತೆ ಹೊಡೆತವನ್ನು ಹೀರುವ ಹಾಗೆ ಮಾಡಿದ್ದಲ್ಲ. ಚಾಲಕನ ಎದೆಗೂ ಆ ಉಕ್ಕಿನ ದಂಡಕ್ಕೂ ನಡುವೆ ಬೆಲ್ಟೊಂದೇ ಇರುವುದು.

ಬರಿಯ ತಗಡಿಗೆ ಬೋಲ್ಟ್ ಬಿಗಿದರೆ ಹೊಡೆತದಲ್ಲಿ ತಗಡು ಹರಿದು ಬರುತ್ತದೆ. ತಗಡಿನ ಹಿಂದೆ ದಪ್ಪ ಉಕ್ಕಿನ ಫಲಕವನ್ನು ಬೆಸೆಯಿಸಿ, ಅದಕ್ಕೆ ಸೀಟ್ ಬೆಲ್ಟಿಗೆಂದೇ ಮಾಡಿದ 7/16 ಇಂಚಿನ ಗಟ್ಟಿ ಬೋಲ್ಟನ್ನು ಹಾಕಬೇಕು. ಸುತ್ತಲಿನ ಲೋಹ ತುಕ್ಕು ಹಿಡಿದಿದ್ದರೆ ಮೊದಲು ಅದನ್ನು ಕತ್ತರಿಸಿ ಹೊಸ ಲೋಹ ಕೂರಿಸಿ. ಹೆಗಲ ಪಟ್ಟಿಯ ಮೇಲಿನ ಬಿಂದು ಕೂತವರ ಹೆಗಲಿಗಿಂತ ಕೆಳಗಿರಬಾರದು, ಇದ್ದರೆ ಹೊಡೆತದಲ್ಲಿ ಬೆನ್ನೆಲುಬನ್ನು ಕೆಳಕ್ಕೆ ಒತ್ತುತ್ತದೆ. ಬೆಲ್ಟನ್ನು ಆಸನದ ಚೌಕಟ್ಟಿಗೆ ಎಂದಿಗೂ ಕಟ್ಟಬೇಡಿ, ಆಸನವೇ ಕಿತ್ತುಬರುತ್ತದೆ.

ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಹಿಂದಿನ ಆಸನಕ್ಕೂ ಇದೇ ರೀತಿ ಬಲಪಡಿಸಿದ ಮೂರು ಬಿಂದುಗಳ ಬೆಲ್ಟ್ ಹಾಕಿಸಿ, ಅವಳ ಎತ್ತರ ಮತ್ತು ತೂಕಕ್ಕೆ ತಕ್ಕ, ಅಂಥ ಬೆಲ್ಟಿನಿಂದಲೇ ಬಿಗಿಯುವ ಮಕ್ಕಳ ಆಸನದಲ್ಲಿ ಕೂರಿಸಿ. ಅದು ಆಗುವವರೆಗೆ ಅವಳನ್ನು ಈ ಕಾರಿನಲ್ಲಿ ಹೆದ್ದಾರಿಗೆ ಕರೆದೊಯ್ಯಬೇಡಿ. ಬೆಸುಗೆಯ ಕೆಲಸವನ್ನು ಕಾರಿನ ಮೈಕಟ್ಟು ಬಲ್ಲವರಿಂದಲೇ ಮಾಡಿಸಿ, ಫಲಕಗಳ ಮೇಲೆ ಬಣ್ಣ ಬಳಿಯುವ ಮೊದಲು ನೀವೇ ಎದುರಿಗೆ ನಿಂತು ನೋಡಿ, ಚಿತ್ರ ತೆಗೆದು ಪುಸ್ತಕಕ್ಕೆ ಸೇರಿಸಿ. ಮೊದಲ ಕೆಲವು ಓಡಾಟಗಳ ನಂತರ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು ನೋಡುವುದನ್ನು ಮರೆಯಬೇಡಿ.